ಕೆಳಗಿನ ಚರ್ಮ ತೆಳುವಾಗಿರಬೇಕು

ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಸ್ಟುಡಿಯೋದ ಗೋಡೆಗೆ ಹೊಡೆದಿದ್ದ ಕಾರ್ಪೆಟ್ ಕೆಂಪೋ ಕಂದೋ, ಹೇಳಲಾರೆ. ಮಾವನಿಗೆ ಅಷ್ಟು ಜೋರಾಗಿ ಎದುರಾಡಿದ್ದೆನೋ, ಆಮೇಲೆ ಒಬ್ಬಳೇ ಕೂತು ಜೋರು ಮಾಡಿಕೊಂಡೆನೋ, ಅದೂ ಖಚಿತವಿಲ್ಲ. ಡ್ರಮ್ಮಿನ ವಿಷಯದಲ್ಲಿ ಮಾತ್ರ ಅನುಮಾನವಿಲ್ಲ.

ತೆಕ್ಕಟ್ಟೆಯ ಸೋದರಮಾವನದು ಮದುವೆ ದಿಬ್ಬಣಗಳ ಬ್ಯಾಂಡ್ ಸೆಟ್. ವಿಚಾರಿಸಿದವರ ಫೋನಿಗೆ ಕಳಿಸಲು ನಾಲ್ಕು ಟ್ಯೂನ್ ಇರಲಿ ಎಂದು ಕುಂದಾಪುರದ ಸಣ್ಣ ಸ್ಟುಡಿಯೋ ಒಂದನ್ನು ಗೊತ್ತು ಮಾಡಿದ್ದರು. ಸ್ನೇರ್ ಡ್ರಮ್ ಬಾರಿಸುವವನು ಆ ವಾರ ಮುಂಬೈಗೆ ಹೋಗಿದ್ದ. ಮಾವನ ಅಂಗಳದಲ್ಲೇ ಬಾರಿಸಿ ಕಲಿತಿದ್ದ ನನ್ನನ್ನು ಕರೆದರು. ದಿಬ್ಬಣಕ್ಕೆ ಒಮ್ಮೆಯೂ ಕರೆದವರಲ್ಲ. ಹಾಗಾಗಿ ಹಟ ಹಿಡಿದೆ: ನನ್ನ ಕಿವಿ ಒಪ್ಪಿದ ಸದ್ದೇ ಆಗಬೇಕು, ಬಾರಿಸಿದ್ದು ನಾನೆಂದು ಜನರಿಗೆ ಗೊತ್ತಾಗಬೇಕು.

ಡ್ರಮ್ ಬಿಚ್ಚಿದರೆ ಮೇಲೂ ಕೆಳಗೂ ಒಂದೇ ದಪ್ಪದ ಚರ್ಮ. ಪ್ಲಾಸ್ಟಿಕ್ಕಾದರೂ ನಮ್ಮವರ ಬಾಯಲ್ಲಿ ಅದು ಚರ್ಮವೇ. ದಿಬ್ಬಣದ ದಾರಿಯಲ್ಲಿ ಜಲ್ಲಿಯ ಮೇಲೆ ಇಟ್ಟಾಗ ತೆಳುವಾದದ್ದು ಹರಿಯುತ್ತದೆಂದು ಮಾವ ಹಾಗೆ ಹಾಕಿಸಿದ್ದರು. ಕೆಳಗಿನದು ತೆಳುವಾಗಿ ನಡುಗದಿದ್ದರೆ ಅದಕ್ಕೆ ತಾಗಿಕೊಂಡ ತಂತಿಗಳು ಅಲುಗುವುದಿಲ್ಲ. ಡಬ್ಬಿ ಬಡಿದ ಸದ್ದು ಬರುತ್ತದೆ. ನಾನು ತಂದಿದ್ದ ತೆಳುವಾದದ್ದನ್ನು ಕೆಳಗೆ ಹಾಕಿದೆ. ಮೇಲಕ್ಕೆ ಒರಟು ಬಿಳಿ ಲೇಪದ ಒಂದೇ ಪದರದ್ದು.

"ಇದೆಂತ ಮಾರಾಯ್ತಿ, ಹಪ್ಪಳ ತಂದ್ಯಾ?" ಎಂದರು ಮಾವ.

"ಹ್ವಾಯ್ ಮಾವ, ಕೆಳ್ಗಿನ್ ಹಪ್ಪಳಕ್ಕೆ ಯಾರೂ ಬಡಿತಿಲ್ಲೆ. ನೀವ್ ಸುಮ್ನೆ ಕೂಕಣಿ."

ಒಂದು ತಿರುಪು, ಆಮೇಲೆ ಅದರ ಎದುರಿನದು. ತಿರುಪು ಬಿಗಿಯುವ ಕೀಲಿಯನ್ನು ಕಾಲು ಸುತ್ತು ತಿರುಗಿಸುತ್ತ, ಅಂಚಿನಲ್ಲಿ ತಟ್ಟಿ, ಎಲ್ಲ ಕಡೆ ಒಂದೇ ಸ್ವರ ಬರುವವರೆಗೆ ಕಿವಿಗೊಟ್ಟೆ.

"ಬಿಗಿ ಸಾಲ್ದ್. ಇನ್ನೆರಡ್ ಸುತ್ತ್ ಬಿಗಿ ಮಾಡ್. ಬೆಡಿ ಹೊಟ್ರೂ ಕೇಣ್ಕ್!" ಎಂದರು ಮಾವ, ದಿಬ್ಬಣದ ಪಟಾಕಿಯ ಲೆಕ್ಕದಲ್ಲಿ.

"ಇಲ್ ಬೆಡಿ ಹೊಡುದ್ ಯಾರ್? ಫ್ಯಾನ್ ಸಮೇತ ಬಂದ್ ಮಾಡಿರ್."

ಮಾವ ಕೀಲಿಗೆ ಕೈಚಾಚಿದರು. ಕೊಡಲಿಲ್ಲ. "ಬಿಗಿ ಮಾಡುದಾರೆ ನೀವೇ ಬಾರ್ಸಿ" ಎಂದೆ. ಎಂದೆ ಎಂದು ನನ್ನ ನೆನಪು. ಅವರ ಪ್ರಕಾರ ನಾನು ಬರೀ ಮುಖ ಊದಿಸಿಕೊಂಡಿದ್ದೆ. ಅಂತೂ ಕೀಲಿ ನನ್ನ ಕೈಯಲ್ಲೇ ಉಳಿಯಿತು, ನನ್ನ ಸದ್ದಿನಲ್ಲೇ ರೆಕಾರ್ಡಿಂಗ್ ಮುಗಿಯಿತು. ಕೇಳಲು ಹಾಕಿಕೊಂಡ ಹೆಡ್‌ಫೋನನ್ನು ಮಾವ ನಾಲ್ಕೂ ಟ್ಯೂನ್ ಮುಗಿಯುವ ತನಕ ತೆಗೆಯಲಿಲ್ಲ.

ತಿಂಗಳು ಕಳೆದು ನಾವುಂದದಲ್ಲಿ ನೆಂಟರ ಮನೆಯ ನಿಶ್ಚಿತಾರ್ಥ. ಊಟದ ಹೊತ್ತಿಗೆ ಹುಡುಗಿಯ ಅಪ್ಪ ಫೋನಿನಲ್ಲಿ ನಮ್ಮ ರೆಕಾರ್ಡಿಂಗನ್ನೇ ಹಾಕಿ, "ಡ್ರಮ್ ಯಾರ್ ಮಾರಾಯ್ರೆ? ಲಾಯ್ಕಿತ್ತ್!" ಎಂದರು. ನಾನು ಮಾವನ ಪಕ್ಕದ ಎಲೆಯಲ್ಲೇ ಕೂತಿದ್ದೆ.

"ನಮ್ಮ್ ಹುಡ್ಗ್ರೇ" ಎಂದು ಮಾವ ಸಾರಿನವರನ್ನು ಕರೆದರು.

ಪಂಕ್ತಿಯವರೆಲ್ಲ ಕೇಳಲಿ ಎಂದೇ ಗಟ್ಟಿಯಾಗಿ ಕೇಳಿದೆ. ಮಾವ ಸಾರು ಕಲಸಿಕೊಂಡು ಉಂಡು ಎದ್ದರು. ಆಮೇಲೆ ಎರಡು ಸಲ ತೆಕ್ಕಟ್ಟೆಗೆ ಹೋಗಿ ಅದನ್ನೇ ಕೇಳಿದ್ದೇನೆ. ಕೇಳಿದ್ದು ಇಷ್ಟೇ:

"ಮಾವ, ಆ ಹುಡ್ಗ್ರಲ್ಲಿ ಡ್ರಮ್ ಬಾರ್ಸಿದ್ದ್ ಯಾರ್, ಹೇಳಿ ಕಾಂಬ?"