ಅಮೋಘಿ ಡಾಕ್ಟರರ ಕೈಗುಣ

ತಿಕೋಟಾದಲ್ಲಿ ಬಸ್ಸಿಳಿದು ಅಮೋಘಿ ಡಾಕ್ಟರರ ದವಾಖಾನೆ ಎಲ್ಲಿ ಎಂದು ಕೇಳಿದರೆ ಯಾರೂ ಬರೀ ದಾರಿ ತೋರಿಸುವುದಿಲ್ಲ, ಜೊತೆಗೆ ನಡೆದು ಬಾಗಿಲಿಗೇ ಬಿಟ್ಟು ಬರುತ್ತಾರೆ. ದಾರಿಯುದ್ದಕ್ಕೂ ಅವರ ಕೈಗುಣದ ಕಥೆ ಬೇರೆ. ಯಾರದೋ ಅತ್ತೆಗೆ ವಾಂತಿ ನಿಂತದ್ದು, ಯಾರದೋ ಮಗ ಎದ್ದು ಕೂತು ರೊಟ್ಟಿ ಕೇಳಿದ್ದು. ಈ ಕಥೆಗಳಲ್ಲಿ ಅಪ್ಪಿತಪ್ಪಿಯೂ ಒಂದು ಔಷಧದ ಹೆಸರು ಬರುವುದಿಲ್ಲ. ಬರುವುದೆಲ್ಲ ಡಾಕ್ಟರರ ಕೈ ಒಂದೇ.

ಅಮೋಘಿಯವರು ಕಳ್ಳಕವಟಗಿಯ ಕುರಿ ಕಾಯುವ ಮನೆತನದವರು. ಚಿಕ್ಕಂದಿನಲ್ಲಿ ಗೆಳೆಯ ಮಾಳುವಿನ ಜೊತೆ ಕುರಿ ಹಿಂದೆ ಅಡವಿ ಅಲೆದವರು. ಓದಿನಲ್ಲಿ ಚುರುಕಾಗಿದ್ದರಿಂದ ಹುಬ್ಬಳ್ಳಿಯವರೆಗೆ ಹೋಗಿ ಡಾಕ್ಟರಿಕೆ ಕಲಿತರು. ಕಲಿತವನು ಇನ್ನು ಈ ಕಡೆ ತಲೆ ಹಾಕಿ ಮಲಗುವುದಿಲ್ಲ ಎಂದು ಊರವರು ಅಂದುಕೊಂಡಿದ್ದರೆ, ಇವರು ತಿಕೋಟಾದಲ್ಲಿ ತಗಡಿನ ಮಾಡಿನ ಕೋಣೆಯೊಂದನ್ನು ಹಿಡಿದು ಬೋರ್ಡು ಹಾಕಿಯೇಬಿಟ್ಟರು. ಮೊದಲ ವರ್ಷ ನೊಣ ಹೊಡೆಯುವುದೇ ಕೆಲಸವಾಗಿತ್ತು.

ಒಂದು ಮಧ್ಯಾಹ್ನ ಭಾಗ್ಯಾ ಎಂಬ ಪುಟ್ಟ ಹುಡುಗಿಯನ್ನು ಹೊತ್ತು ತಂದರು. ಜ್ವರ ಏರಿ ಸೆಳೆತ ಬಂದಿತ್ತು, ಕಣ್ಣುಗುಡ್ಡೆಗಳು ಮೇಲೆ ಸಿಕ್ಕಿಕೊಂಡಿದ್ದವು. ಡಾಕ್ಟರರು ಮಗುವನ್ನು ಮಗ್ಗುಲಿಗೆ ಹೊರಳಿಸಿದರು, ಅಂಗಿ ಬಿಚ್ಚಿದರು, ಹಣೆಯ ಮೇಲೆ ಕೈಯಿಟ್ಟು ಕಾದರು. ಅಂಥ ಸೆಳೆತ ಸಾಮಾನ್ಯವಾಗಿ ಸ್ವಲ್ಪ ಹೊತ್ತಿಗೆ ತಾನಾಗಿಯೇ ನಿಲ್ಲುತ್ತದೆ. ಇದೂ ನಿಂತಿತು. ಹುಡುಗಿ ಕಣ್ಣು ಬಿಟ್ಟು ಅಳತೊಡಗಿದಳು. ನೆರೆದವರಿಗೆ ಕಂಡದ್ದು ಇಷ್ಟೇ: ಕೈ ಇಟ್ಟರು, ಕೂಸು ಬದುಕಿತು. ಗೆಳೆಯನನ್ನು ನೋಡಲು ಬಂದು ಬಾಗಿಲಲ್ಲಿ ನಿಂತಿದ್ದ ಮಾಳು ಕೂಗಿಯೇಬಿಟ್ಟ.

"ನೋಡಿದ್ರಿಲ್ಲೋ? ನಮ್ಮ ಅಮೋಘ್ಯಾನ ಕೈಯಾಗ ದೇವರ ಭಂಡಾರ ಐತಿ!"

ಮಾಳು ಸುಮ್ಮನೆ ಕೂರುವ ಪೈಕಿಯಲ್ಲ. ಕುರಿ ಮೇಯಿಸುತ್ತ ಹೋದ ಊರಲ್ಲೆಲ್ಲ ಈ ಸುದ್ದಿ ಹಂಚಿದ. ಆಮೇಲೆ ಜನಕ್ಕೆ ಒಂದು ರೂಢಿಯೇ ಬಿತ್ತು. ವಿಜಯಪುರದ ದೊಡ್ಡ ದವಾಖಾನೆಯಲ್ಲಿ ಬರೆಸಿಕೊಂಡ ಗುಳಿಗೆಗಳನ್ನು ತಂದು, "ಒಂದ ಸಲ ಮುಟ್ಟಿ ಕೊಡ್ರಿ ಸಾಹೇಬ್ರ" ಎಂದು ಮುಂದೆ ಹಿಡಿಯುವರು. ಆಪರೇಷನ್ನಿಗೆ ಹೊರಟವರು ಮೊದಲು ಇವರಿಂದ ತಲೆ ಮುಟ್ಟಿಸಿಕೊಂಡು ಹೋಗುವರು. "ಮನ್ಯಾಗ ಮಿಕ್ಸಿ ಕೆಟ್ಟೈತಿ, ಅದನ್ನೂ ಒಂಚೂರು ಮುಟ್ರಿ" ಎಂದು ಹೆಂಡತಿ ಲಲಿತಾ ಚೇಷ್ಟೆ ಮಾಡುತ್ತಿದ್ದಳು.

ಸುಳ್ಳು ಯಾಕೆ ಹೇಳಬೇಕು, ಡಾಕ್ಟರರಿಗೆ ಇದು ಹಿತವಾಗಿಯೇ ಇತ್ತು. ಬಿ.ಪಿ. ಗುಳಿಗೆಯನ್ನು ಎಷ್ಟು ತಿಳಿಸಿ ಹೇಳಿದರೂ ತೆಗೆದುಕೊಳ್ಳದವರು, ಇವರು ಮುಟ್ಟಿ ಕೊಟ್ಟರೆ ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ರೋಗಿಗೆ ಒಳ್ಳೆಯದಾಗುವುದಾದರೆ ನನ್ನ ಗಂಟೇನು ಹೋಗುತ್ತದೆ ಎಂದುಕೊಂಡು ಮುಟ್ಟಿದರು. ಹೀಗೆ ಮುಟ್ಟುತ್ತಲೇ ಮೂವತ್ತು ವರ್ಷ ಕಳೆಯಿತು. ಅವರಿಗೆ ಇನ್ನೊಂದು ಹೆಮ್ಮೆಯೂ ಇತ್ತು. ಅವರಲ್ಲಿ ಸಾಲು ಅಂದರೆ ಸಾಲು, ಗೌಡನಿರಲಿ ಬೀಗನಿರಲಿ ನಡುವೆ ನುಗ್ಗುವಂತಿರಲಿಲ್ಲ.

ಬಬಲೇಶ್ವರದ ಸಂತೆಯ ದಿನ ಅವರು ಅಲ್ಲಿ ಗೊಬ್ಬರದಂಗಡಿಯ ಪಕ್ಕದ ಕೋಣೆಯಲ್ಲಿ ಕೂರುತ್ತಾರೆ. ಸಂತೆಗೆ ಬಂದವರು ತಮ್ಮ ಚೀಲವನ್ನು ಸಾಲಿನಲ್ಲಿಟ್ಟು ಕಾಯಿಪಲ್ಲೆ ಕೊಳ್ಳಲು ಹೋಗುತ್ತಾರೆ. ಚೀಲದ ಪಾಳಿ ಬಂದಾಗ ಕಂಪೌಂಡರ್ ಮೆಹಬೂಬ ಹೊರಗೆ ನಿಂತು ಕೂಗುತ್ತಾನೆ. ಹೋದ ಬೇಸಿಗೆಯ ಅಂಥದೊಂದು ಸಂತೆಯ ದಿನ, ಬೆಳಿಗ್ಗೆ ಡಾಕ್ಟರರು ಕುರ್ಚಿಯಲ್ಲಿ ಕೂರುತ್ತಿದ್ದಂತೆಯೇ ಕಳ್ಳಕವಟಗಿಯಿಂದ ಮಾಳುವಿನ ಮಗ ಸುಭಾಷನ ಫೋನು ಬಂತು.

"ಕಾಕಾ, ಅಪ್ಪನ ಎದಿ ಹಿಡದೈತ್ರಿ. ಬಾಳ ಬೆವರಾಕತ್ತಾನ. ಎಡಗೈ ಎತ್ತಾಕ ಬರವಲ್ದು ಅಂತಾನ."

ಡಾಕ್ಟರರು ಮತ್ತೆ ಎದ್ದು ನಿಂತರು. "ಸುಭಾಷ, ಜೀಪ್ ಮಾಡ್ಕೊಂಡು ಸೀದಾ ವಿಜಯಪುರಕ್ಕ ಒಯ್ಯಿ. ಹಾದ್ಯಾಗ ಎಲ್ಲೂ ನಿಲ್ಲಬ್ಯಾಡ್ರಿ. ತಡ ಆದಷ್ಟೂ ಎದಿ ಒಳಗಿನ ಮಾಂಸ ಸಾಯ್ತೈತಿ, ತಿಳೀತಾ?"

"ಹೂನ್ರಿ ಕಾಕಾ."

ಅವರು ವಿಜಯಪುರದ ಹೃದಯದ ಡಾಕ್ಟರಿಗೆ ಫೋನು ಮಾಡಿ ಎಲ್ಲ ಸಜ್ಜು ಮಾಡಿಸಿದರು. ಆಮೇಲೆ ಸಾಲನ್ನು ಒಳಗೆ ಬಿಡಲು ಹೇಳಿದರು. ಕೆಮ್ಮು, ಕಜ್ಜಿ, ಮೊಣಕಾಲು ನೋವು. ಕೈ ತನ್ನ ಕೆಲಸ ಮಾಡುತ್ತಿತ್ತು, ಮನಸ್ಸು ಮಾತ್ರ ತಿಕೋಟಾದ ರಸ್ತೆಯಲ್ಲಿ ಆ ಜೀಪಿನ ಹಿಂದೆ ಓಡುತ್ತಿತ್ತು.

ಹೊತ್ತು ಏರಿತು. ವಿಜಯಪುರದಿಂದ ಫೋನು ಬಂತು. ನಿಮ್ಮ ಪೇಷಂಟು ಇನ್ನೂ ಬಂದಿಲ್ಲವಲ್ಲ ಎಂದರು ಅಲ್ಲಿಯ ಡಾಕ್ಟರು. ಅಮೋಘಿಯವರು ಗಾಬರಿಯಿಂದ ಸುಭಾಷನಿಗೆ ಫೋನು ಹಚ್ಚಿದರು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದರು, ಎತ್ತಲಿಲ್ಲ. ದಾರಿಯಲ್ಲೇ ಏನೋ ಆಗಿಹೋಗಿದೆ ಎಂದುಕೊಂಡರು.

ಹೊರಗೆ ಮೆಹಬೂಬ ಕೂಗುತ್ತಿದ್ದ. "ಈ ಹಸರ ಚೀಲ ಯಾರ್ದ್ರೀ? ಲಗೂನ ಬರ್ರಿ, ನಿಮ್ಮ ಪಾಳಿ ಬಂತು!"

ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಒಳಗೆ ಬಂದವಳು ತಾಯವ್ವ, ಮಾಳುವಿನ ಹೆಂಡತಿ.

ಡಾಕ್ಟರರಿಗೆ ಒಂದು ಕ್ಷಣ ಏನೂ ಹೊಳೆಯಲಿಲ್ಲ. ಇವಳು ಇಲ್ಲಿ ಹೇಗೆ? ಸತ್ತ ಸುದ್ದಿ ತಂದಳೇ?

"ತಾಯವ್ವಾ, ಮಾಳು ಎಲ್ಲಿ?"

"ಹೊರಗ ಜೀಪಿನ್ಯಾಗ ಅದಾನ್ರೀ ಅಣ್ಣಾರ."

"ಹೊರಗ? ಇಲ್ಲಿ? ಯಾವಾಗ ಬಂದ್ರಿ?"

"ಬಂದು ಬಾಳ ಹೊತ್ತಾತ್ರಿ. ತಿಕೋಟಾ ಬಂದ ಕೂಡ್ಲೆ ಇಂವ ಹಟಾ ಹಿಡದ. ಮದ್ಲ ಅಮೋಘ್ಯಾ ಮುಟ್ಲಿ, ಆಮ್ಯಾಲ ಎಲ್ಲಿಗಾದ್ರೂ ಒಯ್ರಿ ಅಂದ. ವಿಜಯಪುರದ ಹಾದಿ ಬಿಟ್ಟು ಜೀಪ್ ಇತ್ತ ಹೊಳ್ಳಿಸಿದ್ವಿ. ಒಳಗ ಮಂದಿ ಕುಂತಿತ್ತು. ಸಾಲ ಮುರದ್ರ ನಿಮಗ ಸಿಟ್ಟ ಬರ್ತೈತಿ ಅಂತ ಚೀಲ ಇಟ್ವಿ. ನಿಮ್ಮ ಬಾಗಲಕ್ಕ ಬಂದೇವಲ್ಲ, ಇನ್ನೇನೂ ಆಗಂಗಿಲ್ಲ ಅಂತ ಅಂವಾನ ಅಂದಾನ್ರಿ."

ಡಾಕ್ಟರರು ಕುರ್ಚಿ ಉರುಳಿಸಿ ಹೊರಗೆ ಓಡಿದರು. ಬಿಸಿಲಲ್ಲಿ ನಿಂತ ಜೀಪಿನ ಹಿಂದಿನ ಸೀಟಿನಲ್ಲಿ ಮಾಳು ಗೋಡೆಗೆ ಬಳಿದ ಸುಣ್ಣದ ಬಣ್ಣಕ್ಕೆ ತಿರುಗಿದ್ದ. ಸುಭಾಷ ತಲೆ ತಗ್ಗಿಸಿ ನಿಂತಿದ್ದ. ಕಾಕಾ ಬೈಯುತ್ತಾರೆ ಎಂಬ ಹೆದರಿಕೆಗೆ ಅವನು ಇದೇ ಗೋಡೆಯ ಆಚೆ ನಿಂತು ಫೋನು ಎತ್ತದೆ ಬಿಟ್ಟಿದ್ದ. ತಾನು ಒಳಗೆ ಕೂತು ಯಾರದೋ ಕಜ್ಜಿ ನೋಡುತ್ತಿದ್ದಾಗ ಹತ್ತು ಹೆಜ್ಜೆ ಆಚೆ ಗೆಳೆಯನ ಹೃದಯ ಸಾಯುತ್ತಿತ್ತು ಎಂಬುದು ಡಾಕ್ಟರರ ತಲೆಗೆ ಇಳಿಯಲೇ ಇಲ್ಲ. ಇಳಿಯುವಂಥ ಮಾತೂ ಅಲ್ಲ ಅದು.

ಅವರನ್ನು ಕಂಡದ್ದೇ ಮಾಳುವಿನ ಮುಖ ಅರಳಿತು. "ಬಂದ್ಯಾ? ಒಂದ ಸಲ ಎದಿ ಮ್ಯಾಲ ಕೈ ಇಡ. ಸಾಕು."

ಡಾಕ್ಟರರು ಅವನ ಮಣಿಕಟ್ಟು ಹಿಡಿದು ನೋಡಿದರು. ನಾಡಿ ದಾರದೆಳೆಯಷ್ಟು ಉಳಿದಿತ್ತು. ಗುಳಿಗೆ ಅಗಿಯಲು ಕೊಟ್ಟು, ಪಕ್ಕದಲ್ಲಿ ತಾವೇ ಹತ್ತಿ ಕೂತು, "ವಿಜಯಪುರಕ್ಕ ಹೊಡಿ" ಎಂದು ಡ್ರೈವರನಿಗೆ ಹೇಳಿದರು. ಜೀಪು ಕದಲುವಷ್ಟರಲ್ಲಿ ಸಾಲಿನಲ್ಲಿದ್ದ ಮುದುಕಿಯೊಬ್ಬಳು ಓಡಿಬಂದು ಗುಳಿಗೆಯ ಪೊಟ್ಟಣವನ್ನು ಒಳಗೆ ಚಾಚಿದಳು. "ಯಪ್ಪಾ, ಹೋಗೂದ್ರಾಗ ಇದನ್ನಷ್ಟ ಮುಟ್ಟಿ ಹೋಗು!"

ಡಾಕ್ಟರರ ಕೈ ತಾನೇ ತಾನಾಗಿ ಮುಂದೆ ಹೋಗಿ ಪೊಟ್ಟಣವನ್ನು ಮುಟ್ಟಿತು. ಮುಟ್ಟಿದ ಮೇಲೆ ಅವರು ಆ ಕೈಯನ್ನೇ ನೋಡಿದರು. ಅದು ಯಾರದೋ ಕೈ ಎಂಬಂತಿತ್ತು.

ವಿಜಯಪುರದಲ್ಲಿ ಮುಚ್ಚಿಹೋಗಿದ್ದ ರಕ್ತನಾಳ ತೆರೆದು ಸ್ಟೆಂಟ್ ಹಾಕಿದರು. ಮಾಳು ಉಳಿದ. ಆದರೆ ಹೃದಯದ ಅರ್ಧ ಕೆಲಸ ನಿಂತುಹೋಗಿದೆ, ತಡಮಾಡದೆ ತಂದಿದ್ದರೆ ಇಷ್ಟು ಹಾಳಾಗುತ್ತಿರಲಿಲ್ಲ ಎಂದರು ಅಲ್ಲಿಯ ಡಾಕ್ಟರು.

ಎರಡು ದಿನ ಬಿಟ್ಟು ವಾರ್ಡಿಗೆ ಹೋದಾಗ ಮಾಳು ದಿಂಬಿಗೆ ಒರಗಿ ಕೂತು ಅಕ್ಕಪಕ್ಕದ ಮಂಚದವರಿಗೆಲ್ಲ ಕಥೆ ಹೇಳುತ್ತಿದ್ದ. "ಇಲ್ಲಿ ಇವ್ರು ಏನೋ ತಂತಿ ಹಾಕ್ಯಾರ, ಇಲ್ಲನ್ನಂಗಿಲ್ಲ. ಆದ್ರ ಜೀವ ಹಿಡದ ನಿಂತದ್ದು ಈ ಕೈಯಿಂದ ನೋಡ್ರಿ." ಕಥೆ ಮುಗಿಯುವ ಮೊದಲೇ ಪಕ್ಕದ ಮಂಚದ ಬಳಿ ಕೂತಿದ್ದ ಸುರೈಯಾ ಎಂಬವಳು ಎದ್ದು ಬಂದು, ತನ್ನ ಗಂಡನ ಎದೆಯನ್ನೂ ಒಮ್ಮೆ ಮುಟ್ಟಿರೆಂದು ಕೈ ಮುಗಿದಳು. ಮಾಳುವನ್ನು ಸಾಯಿಸಲು ಹೊರಟಿದ್ದ ನಂಬಿಕೆಯೇ ಈಗ ಪವಾಡವಾಗಿ ತಿರುಗಿ ನಿಂತಿತ್ತು.

"ಇಲ್ಲವ್ವಾ, ನನ್ನ ಕೈಯಾಗ ಏನೂ ಇಲ್ಲ" ಎಂದು ಡಾಕ್ಟರರು ಅವಳನ್ನು ಕಳಿಸಿ, ಮಾಳುವಿನ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತರು.

"ಮಾಳ್ಯಾ, ಕೇಳಿಲ್ಲೆ. ನೀ ಬಬಲೇಶ್ವರಕ್ಕ ಬರದ ಇದ್ದಿದ್ರ ನಿನ್ನ ಎದಿ ಬಾಳಷ್ಟು ಉಳೀತಿತ್ತು. ಅರ್ಧ ಸತ್ತೈತಿ. ಇನ್ನ ಕುರಿ ಹಿಂದ ನಡ್ಯಾಕ ಆಗಂಗಿಲ್ಲ. ನನ್ನ ಕೈ ನಂಬಿ ನೀ ಕೆಟ್ಟಿ."

ಮಾಳು ನಕ್ಕ. "ದೊಡ್ಡಾವ ಆದಿ, ಹಂಗ ಅನ್ನಾವನ ನೀ."

"ಇಲ್ಲೋ. ನನ್ನ ಕೈಗೆ ಯಾವ ಗುಣಾನೂ ಇಲ್ಲ. ಎಂದೂ ಇದ್ದಿಲ್ಲ."

ಮಾಳು ಗೆಳೆಯನ ಮುಖವನ್ನೇ ನೋಡಿದ. ಇದು ಸಂಕೋಚದ ಮಾತಲ್ಲ ಎಂದು ತಿಳಿಯಲು ಅವನಿಗೆ ಹೊತ್ತು ಹಿಡಿಯಿತು. ತಿಳಿದಾಗ ನಗು ಮುಖದಿಂದ ಇಳಿದುಹೋಯಿತು.

"ಇದು ನಿನಗ ಮದಲಿಂದ ಗೊತ್ತಿತ್ತಾ?"

"ಗೊತ್ತಿತ್ತು."

"ನಾ ಊರೂರು ಹೇಳ್ಕೋತ ತಿರಗ್ಯಾಡಿದೆ. ಎಷ್ಟ ಮಂದೀನ ನಿನ್ನ ಕಡೆ ಕಳಿಸೇನಿ. ನನಗರೆ ಒಂದ ಮಾತ ಹೇಳಬಾರದಿತ್ತೇನೋ?"

ಡಾಕ್ಟರರು ನಾಡಿ ನೋಡಲೆಂದು ಅವನ ಮಣಿಕಟ್ಟಿಗೆ ಕೈ ಚಾಚಿದರು. ಮಾಳು ತನ್ನ ಕೈಯನ್ನು ಮೆಲ್ಲಗೆ ಹೊದಿಕೆಯೊಳಗೆ ಎಳೆದುಕೊಂಡು, ಗೋಡೆಯ ಕಡೆಗೆ ಮಗ್ಗುಲಾದ.