ಪೆಟ್ರೋಲ್ ವಾಸನೆಯ ಬೆನ್ನು ಹತ್ತಿ ತೀರ್ಥಹಳ್ಳಿಗೆ

ಸಾಗರದ ಒಂದು ಗ್ಯಾರೇಜಿನವರು ನನ್ನ ಮೂಗಿಗೆ ಅವಮಾನ ಮಾಡಿದರು. ಇದನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಈ ಪ್ರಯಾಣ ಹೊರಟದ್ದೇ ಅದರಿಂದ. ನಮ್ಮ ಹಳೆಯ ಪೆಟ್ರೋಲ್ ಕಾರು ನಿಂತಲ್ಲೇ ಇಂಜಿನ್ ತಿರುಗುತ್ತಿರುವಾಗ ಹಸಿ ಪೆಟ್ರೋಲಿನ ವಾಸನೆ ಬಿಡುತ್ತಿತ್ತು. ಸೈಲೆನ್ಸರಿನ ಬಾಯಿಗೆ ಬೆರಳಿಟ್ಟರೆ ಕಾಡಿಗೆಯಂಥ ಮಸಿ. ಮೂರು ಸಲ ಆ ಗ್ಯಾರೇಜಿಗೆ ಒಯ್ದೆ. ಮೊದಲ ಸಲ ಪ್ಲಗ್ ಬದಲಿಸಿದರು. ಎರಡನೆಯ ಸಲ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ತೊಳೆದು, ಒಂದು ಸೆನ್ಸರನ್ನೂ ಹೊಸದು ಹಾಕಿದರು. ಮೂರನೆಯ ಸಲ, ಮಂಗಳವಾರ ಬೆಳಿಗ್ಗೆ ಹನ್ನೊಂದೂಕಾಲಿಗೆ, ಇಬ್ಬರು ಗಿರಾಕಿಗಳ ಎದುರಿಗೆ ಮಾಲೀಕರು ಹೇಳಿದರು: "ವಾಸನೆ ಗಾಡೀಲಿಲ್ಲ ಸಾರ್, ನಿಮ್ಮ ಮೂಗಲ್ಲಿದೆ. ವಯಸ್ಸಾದ್ಮೇಲೆ ಹಂಗೇ."

ಗಿರಾಕಿಗಳು ನಕ್ಕರು. ಅವರಲ್ಲಿ ನೀಲಿ ಅಂಗಿಯವರು ಅಗತ್ಯಕ್ಕಿಂತ ಹೆಚ್ಚು ನಕ್ಕರು. ನಾನು ಮೂವತ್ತನಾಲ್ಕು ವರ್ಷ ಸರ್ವೆ ಇಲಾಖೆಯಲ್ಲಿ ಜಮೀನು ಅಳೆದವನು. ಅಳೆಯದೆ ಆಡಿದ ಮಾತನ್ನು ಒಪ್ಪುವ ಅಭ್ಯಾಸ ನನಗಿಲ್ಲ. ಮರುದಿನ ಹೊಗೆ ತಪಾಸಣೆಯ ಯಂತ್ರ ನನ್ನ ಮೂಗಿನ ಪರವಾಗಿಯೇ ತೀರ್ಪು ಕೊಟ್ಟಿತು: ಕಾರು ನಪಾಸು. ಆದರೆ ಆ ಗೆಲುವು ನನಗೇ ತಿರುಗಿಬಿತ್ತು. ಶನಿವಾರ ಕಾರಿನ ನೋಂದಣಿ ನವೀಕರಣದ ತಪಾಸಣೆಯಿತ್ತು; ಹೊಗೆಯ ಪ್ರಮಾಣಪತ್ರವಿಲ್ಲದೆ ಅಲ್ಲಿಗೆ ಹೋಗುವಂತಿರಲಿಲ್ಲ. "ಇನ್ನೊಬ್ಬರಿಗೆ ತೋರಿಸೋಣ. ಅವರ ಕೈಲೂ ಆಗದಿದ್ರೆ ಗುಜರಿಗೆ ಕೊಡೋಣ, ಆಮೇಲೆ ತಕರಾರಿಲ್ಲ" ಎಂದಳು ನನ್ನ ಹೆಂಡತಿ ಸುಮಿತ್ರಾ. ಹೇಳುವಾಗ ಅವಳು ಕಾರಿನ ಕಡೆಗೆ ನೋಡಲಿಲ್ಲ. ಐವತ್ತೆರಡನೆಯ ವಯಸ್ಸಿನಲ್ಲಿ ಅವಳು ಚಾಲನೆ ಕಲಿತದ್ದು ಅದರಲ್ಲೇ.

ಬಸ್ ಚಾಲಕರೊಬ್ಬರು ತೀರ್ಥಹಳ್ಳಿಯ ಮೆಕ್ಯಾನಿಕ್ ಇಸ್ಮಾಯಿಲ್ ಸಾಹೇಬರ ಹೆಸರು ಹೇಳಿದ್ದರು. ಗುರುವಾರ ಬೆಳಿಗ್ಗೆ ಏಳೂ ಹತ್ತಕ್ಕೆ ಹೊರಟೆವು. ಸ್ಟಿಯರಿಂಗ್ ಸುಮಿತ್ರಾಳದು, ದಿನಚರಿ ಪುಸ್ತಕ ನನ್ನದು. ಸೋನೆ ಹಿಡಿದಿತ್ತು, ಗಾಳಿ ತಣ್ಣಗಿತ್ತು. ಬಟ್ಟೆಮಲ್ಲಪ್ಪ ಎಂಬ ಊರು ದಾಟಿ ಏರುದಾರಿ ಬಂದಾಗ ನಾನು ತಾಪಮಾನದ ಮುಳ್ಳನ್ನು ತೋರಿಸಿ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ: "ನೋಡು, ಇಷ್ಟು ದೂರ ಬಂದರೂ ಮುಳ್ಳು ತಳ ಬಿಟ್ಟು ಎದ್ದಿಲ್ಲ. ಬೇಸಿಗೆಯಲ್ಲಿ ಆಗುಂಬೆ ಘಾಟಿ ಹತ್ತಿದಾಗಲೂ ಹೀಗೇ ಇತ್ತು. ವಾಸನೆ ಬಿಟ್ಟರೆ ಇಂಜಿನ್ ಗಟ್ಟಿ."

"ತಣ್ಣಗಿರೋದೆಲ್ಲ ಆರೋಗ್ಯ ಅಲ್ಲ ಕಣ್ರೀ" ಎಂದಳು ಸುಮಿತ್ರಾ. "ಕಾಫಿ ತಣ್ಣಗಾದ್ರೆ ನೀವು ಎಷ್ಟು ಕೂಗಾಡ್ತೀರಿ!"

ಮಾತು ಅಲ್ಲಿಗೇ ನಿಂತಿತು. ನಿಲ್ಲಬಾರದಿತ್ತು.

ಹೊಸನಗರ ತಲುಪಿದಾಗ ಎಂಟೂವರೆಗೆ ಐದು ನಿಮಿಷವಿತ್ತು. ಒಂದು ಸಣ್ಣ ಹೋಟೆಲಿನ ಎದುರು ನಿಲ್ಲಿಸಿ, ಜಾಗ ಸರಿಯಿದೆಯೇ ಎಂದು ನಾನು ಇಳಿದು ನೋಡುತ್ತಿದ್ದೆ. ಇಂಜಿನ್ ಇನ್ನೂ ತಿರುಗುತ್ತಿತ್ತು. ಬಾಣಲೆಯ ಮುಂದಿದ್ದ ಹೋಟೆಲಿನ ಒಡತಿ ಜಾಲರಿ ಸೌಟನ್ನೇ ಎತ್ತಿ ಕೂಗಿದರು: "ಅಮ್ಮಾ, ಗಾಡಿ ಆಫ್ ಮಾಡಿ ಮಾರಾಯ್ರೆ! ನನ್ನ ಬನ್ಸಿಗೆಲ್ಲ ಪೆಟ್ರೋಲ್ ವಾಸನೆ ಹಿಡೀತದೆ."

ಬೈಗುಳ ಕೇಳಿ ಇಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ. ದಿನಚರಿ ತೆರೆದು ಅವರ ಬಳಿಗೇ ಹೋದೆ. "ನಿಮಗೆ ವಾಸನೆ ಚೆನ್ನಾಗಿ ಬಂತೇ? ದಯವಿಟ್ಟು ನಿಮ್ಮ ವಯಸ್ಸು ಹೇಳಿ."

"ಎಂತಕ್ಕೆ? ಮದುವೆ ಮಾಡ್ಸಕ್ಕಾ? ಆಗಿದೆ ನಂದು." ನಂತರ ನಗುತ್ತ ಹೇಳಿದರು, "ಮೂವತ್ತೆಂಟು, ಬರ್ಕೊಳ್ಳಿ."

ಬರೆದುಕೊಂಡೆ. ಮೂವತ್ತೆಂಟರ ಮೂಗಿಗೂ ಆ ವಾಸನೆ ತಿಳಿದಿತ್ತು. ಬನ್ಸ್ ಮೆತ್ತಗೆ, ಬಾಳೆಹಣ್ಣಿನ ಸಿಹಿ ಹದವಾಗಿತ್ತು. ನಾನು ಮೂರು ತಿಂದೆ. ಚಹಾಕ್ಕೆ ಸಕ್ಕರೆ ಹೆಚ್ಚಾಗಿತ್ತು. ಸಾಕ್ಷಿ ಹೇಳಿದವರ ಮೇಲೆ ದೂರುವುದು ಸರಿಯಲ್ಲವೆಂದು ಸುಮ್ಮನಾದೆ.

ಅಲ್ಲಿಂದ ತೀರ್ಥಹಳ್ಳಿಗೆ ನಿಧಾನವಾಗಿ ಒಂದೂಕಾಲು ಗಂಟೆ. ಇಸ್ಮಾಯಿಲ್ ಸಾಹೇಬರದು ಎರಡು ಗಾಡಿ ಹಿಡಿಯುವಷ್ಟೇ ಶೆಡ್ಡು. ಅರವತ್ತರ ಆಸುಪಾಸಿನ ಮನುಷ್ಯ. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟಿದ್ದರು. "ಆಫ್ ಮಾಡ್ಬೇಡಿ ಅಮ್ಮಾ" ಎಂದವರು ಸ್ಪ್ಯಾನರ್ ಮುಟ್ಟದೆ ಹಿಂದೆ ಹೋಗಿ ಮೂಸಿದರು. "ಭರ್ಜರಿ ವಾಸನೆ" ಎಂದರು. ನಾನು ಸುಮಿತ್ರಾಳ ಮುಖ ನೋಡಿದೆ. ಅವಳು ಬೇಕೆಂದೇ ಬೇರೆಡೆ ನೋಡಿದಳು.

ಅವರ ಕೆಲಸದಲ್ಲಿ ಒಂದು ಕ್ರಮವಿತ್ತು. ಅದನ್ನು ನಾನು ಮೆಚ್ಚಿದೆ. ಗಾಳಿ ಸೋಸುವ ಫಿಲ್ಟರ್ ನೋಡಿದರು, ಚೊಕ್ಕಟವಾಗಿತ್ತು. ಪೆಟ್ರೋಲಿನ ಒತ್ತಡ ಕಾಯುವ ರೆಗ್ಯುಲೇಟರಿನ ಸಣ್ಣ ಪೈಪನ್ನು ಎಳೆದು ಮೂಸಿದರು, ಒಣಗಿತ್ತು, ಸೋರಿಕೆಯಿರಲಿಲ್ಲ. ನಾಲ್ಕು ಪ್ಲಗ್ ಬಿಚ್ಚಿ ಚಿಂದಿಯ ಮೇಲೆ ಸಾಲಾಗಿಟ್ಟರು. ನಾಲ್ಕೂ ಒಂದೇ ಸಮ ಕಪ್ಪು.

"ಒಂದು ಇಂಜೆಕ್ಟರ್ ಸೋರಿದ್ರೆ ಒಂದೇ ಪ್ಲಗ್ ಕಪ್ಪಾಗೋದು ಸಾರ್. ಇಲ್ಲಿ ನಾಲ್ಕಕ್ಕೂ ಸಮಾ ಬಡಿಸಿದಾರೆ. ಬಡಿಸೋ ಕಂಪ್ಯೂಟರೇ ಜಾಸ್ತಿ ಬಡಿಸ್ತಿದೆ. ಯಾಕೆ ಅಂತ ನೋಡಣ."

ಪ್ಲಗ್‌ಗಳನ್ನು ಮತ್ತೆ ಕೂರಿಸಿ, ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಚುಚ್ಚಿ ಇಂಜಿನ್ ಚಾಲೂ ಮಾಡಿಸಿದರು. ಎಪ್ಪತ್ತು ಕಿಲೋಮೀಟರಿಗೂ ಹೆಚ್ಚು ಓಡಿ ಬಂದ ಇಂಜಿನ್ನಿನ ನೀರು ಐವತ್ತೆರಡು ಡಿಗ್ರಿ ಎಂದು ಅದು ತೋರಿಸಿತು. "ಎಂಬತ್ತೈದಾದ್ರೂ ಬೇಕಿತ್ತು. ಸೆನ್ಸರ್ ಸುಳ್ಳು ಹೇಳ್ತಿರಬಹುದು." ಶಾಖ ಅಳೆಯುವ ಇನ್ನೊಂದು ಉಪಕರಣವನ್ನು ಇಂಜಿನ್ನಿಗೆ ಹಿಡಿದರು. ಅದರಲ್ಲೂ ಹೆಚ್ಚುಕಡಿಮೆ ಅಷ್ಟೇ. "ಇಲ್ಲ, ಪಾಪ, ಸತ್ಯವೇ ಹೇಳ್ತಿದೆ." ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಈ ವಾಸನೆ ಯಾವಾಗಿಂದ ಸಾರ್?"

ಈ ಪ್ರಶ್ನೆಯನ್ನು ಸಾಗರದವರು ಒಮ್ಮೆಯೂ ಕೇಳಿರಲಿಲ್ಲ. ದಿನಚರಿ ತಿರುವಿದೆ. ಆಗುಂಬೆಗೆ ಹೋಗಿಬಂದ ವಾರವೇ ಮೊದಲ ದಾಖಲೆಯಿತ್ತು; ಓದಿ ಹೇಳಿದೆ.

"ಹೋಗೋ ಮೊದ್ಲು ಗ್ಯಾರೇಜಿಗೆ ಬಿಟ್ಟಿದ್ರಾ?"

"ಬಿಟ್ಟಿದ್ದೆ. ಅದೇ ಸಾಗರದ ಗ್ಯಾರೇಜಿಗೆ, ರೇಡಿಯೇಟರ್ ತೊಳೆಸಲು."

ಇಸ್ಮಾಯಿಲ್ ಸಾಹೇಬರು ನಕ್ಕುಬಿಟ್ಟರು. ಎರಡು ಬೋಲ್ಟ್ ಸಡಿಲಿಸಿ, ರೇಡಿಯೇಟರ್ ಪೈಪು ಇಂಜಿನ್ನಿಗೆ ಸೇರುವಲ್ಲಿನ ಮುಚ್ಚಳ ತೆಗೆದು, ಟಾರ್ಚ್ ಹಿಡಿದು ನನ್ನನ್ನು ಕರೆದರು. ಒಳಗೆ ಒಂದು ದುಂಡನೆಯ ಖಾಲಿ ಗೂಡು.

"ಇಲ್ಲಿ ಥರ್ಮೋಸ್ಟಾಟ್ ಅಂತ ಒಂದು ವಾಲ್ವ್ ಇರ್ಬೇಕು. ಇಂಜಿನ್ ಕಾಯೋತನಕ ನೀರನ್ನ ರೇಡಿಯೇಟರಿಗೆ ಬಿಡೋದಿಲ್ಲ ಅದು. ಕಿತ್ತು ಬಿಸಾಕಿದಾರೆ. ಘಾಟಿ ಹತ್ತೋ ಗಾಡಿ ಕುದೀಬಾರ್ದು ಅಂತ ನಮ್ಮ ಕಡೆ ಹಳೇ ಅಭ್ಯಾಸ. ಹಿಂದಿನ ಜೀಪಿಗೆ ನಡೀತಿತ್ತು. ಇದರಲ್ಲಿ ಕಂಪ್ಯೂಟರ್ ಉಂಟಲ್ಲ, ನೀರು ತಣ್ಣಗಿದ್ರೆ ಅದಕ್ಕೆ ಇನ್ನೂ ಬೆಳಗಿನ ಜಾವ. ಥಂಡಿ ಇಂಜಿನ್ನಿಗೆ ಹೆಚ್ಚು ಪೆಟ್ರೋಲ್ ಬೇಕು ಅಂತ ಮಧ್ಯಾಹ್ನದವರೆಗೂ ಕುಡಿಸ್ತಾನೇ ಇರ್ತದೆ."

ನನ್ನ ರಕ್ತ ಕುದಿಯಿತು. ಅದಕ್ಕೆ ವಾಲ್ವ್ ಬೇಕಿರಲಿಲ್ಲ. "ನನ್ನನ್ನು ಕೇಳದೆ ನನ್ನ ಕಾರಿನ ಭಾಗ ಕೀಳಲು ಅವರಿಗೆ ಹೇಳಿದವರು ಯಾರು?" ಎಂದೆ.

ಸುಮಿತ್ರಾ ನನ್ನ ಕೈಯಿಂದ ದಿನಚರಿ ತೆಗೆದುಕೊಂಡು, ಆಗುಂಬೆಗೆ ಹೊರಡುವ ಹಿಂದಿನ ದಿನದ ಪುಟ ಹುಡುಕಿ, ಗಟ್ಟಿಯಾಗಿ ಓದಿದಳು: "'ಗ್ಯಾರೇಜಿನವರಿಗೆ ಕಟ್ಟುನಿಟ್ಟಾಗಿ ಹೇಳಿದೆ: ಏನು ಮಾಡುತ್ತೀರೋ ಗೊತ್ತಿಲ್ಲ, ಘಾಟಿಯಲ್ಲಿ ಕಾರು ಬಿಸಿಯಾಗಕೂಡದು.' ನಿಮ್ಮದೇ ಅಕ್ಷರ ಅಲ್ವೇನ್ರೀ?"

ಅಕ್ಷರ ನನ್ನದೇ. ಕೆಳಗೆ ಗೆರೆಯನ್ನೂ ಎಳೆದಿದ್ದೆ.  ಆದರೆ ಶೆಡ್ಡಿನಲ್ಲಿ ಮೊದಲು ನಕ್ಕವನು ನಾನು ಎಂಬುದು ದಾಖಲಾಗಲಿ.

ಬಸ್ ನಿಲ್ದಾಣದ ಹತ್ತಿರದ ಅಂಗಡಿಯಿಂದ ಹೊಸ ವಾಲ್ವ್ ತಂದುಕೊಟ್ಟೆ. ಸಾಹೇಬರು ಅದನ್ನು ನೇರವಾಗಿ ಕೂರಿಸಲಿಲ್ಲ. ಪಕ್ಕದ ಚಹಾದಂಗಡಿಯ ಒಲೆಯ ಮೇಲೆ ಪಾತ್ರೆಯಲ್ಲಿ ನೀರು ಕಾಯಿಸಿ ಅದರಲ್ಲಿ ಮುಳುಗಿಸಿದರು. ಕುದಿ ಬರುವ ಹೊತ್ತಿಗೆ ವಾಲ್ವ್ ಮೆಲ್ಲನೆ ಬಾಯಿ ತೆರೆಯಿತು. "ಹೊಸದು ಅಂತ ನಂಬಬಾರ್ದು ಸಾರ್." ಅಳೆದು ಒಪ್ಪುವ ಇನ್ನೊಬ್ಬರನ್ನು ಕಂಡಂತಾಯಿತು.

ಅವರು ಜೋಡಿಸುವಷ್ಟರಲ್ಲಿ ನಾವು ತುಂಗೆಯ ದಂಡೆಗೆ ಹೋಗಿ ಬಂದೆವು. ಹೊಳೆ ಕೆಂಪಗೆ ತುಂಬಿತ್ತು. ಮರಳಿದಾಗ ಸುಮಿತ್ರಾ ಕಾರು ಚಾಲೂ ಮಾಡಿದಳು. ಮುಳ್ಳು ತಳ ಬಿಟ್ಟಿತು, ಏರಿತು, ಏರುತ್ತಲೇ ಹೋಯಿತು. "ನಿಲ್ಲಿಸು, ಕುದಿಯುತ್ತದೆ!" ಎಂದು ನಾನು ಕೂಗಿದೆ.

"ಸುಮ್ನಿರಿ ಸಾರ್, ಅದಕ್ಕೀಗ ಬೆಳಗಾಯ್ತು" ಎಂದರು ಸಾಹೇಬರು. ಮುಳ್ಳು ನಟ್ಟನಡುವೆ ಬಂದು ನಿಂತಿತು. ಇಂಜಿನ್ನಿನ ದನಿ ಇಳಿಯಿತು. ನಾನು ಹಿಂದೆ ಹೋಗಿ ಬಗ್ಗಿ ಮೂಸಿದೆ. ವಾಸನೆಯಿರಲಿಲ್ಲ. ಅಲ್ಲಿಯೇ ಹೊಗೆ ತಪಾಸಣೆ ಮಾಡಿಸಿದೆವು: ಪಾಸು. ಸುಮಿತ್ರಾ ಆ ಪ್ರಮಾಣಪತ್ರವನ್ನು ತನ್ನ ಪರ್ಸಿನಲ್ಲೇ ಇಟ್ಟುಕೊಂಡಳು, ನನಗೆ ಕೊಡಲಿಲ್ಲ.

ಹೊಸನಗರದಲ್ಲಿ ಮತ್ತೆ ನಿಲ್ಲಿಸಿದೆವು, ಇಂಜಿನ್ ಆಫ್ ಮಾಡದೆ. ಒಡತಿ ಹೊರಗೆ ಬಂದು ಮೂಗೆಳೆದು, "ಈಗ ಬನ್ಸಿನ ವಾಸನೆಯೇ ಬರ್ತದೆ" ಎಂದರು. ಅದನ್ನೂ ಬರೆದುಕೊಂಡೆ.

ಸಂಜೆ ಐದಕ್ಕೆ ಸಾಗರ. ಆ ಗ್ಯಾರೇಜಿನ ಎದುರು ಸುಮಿತ್ರಾ, ನಾನು ಕೇಳದೆಯೇ, ಕಾರನ್ನು ನಿಧಾನ ಮಾಡಿದಳು. ಮಾಲೀಕರು ಯಾರದೋ ಬಾನೆಟ್ಟಿನೊಳಗೆ ತಲೆ ಹಾಕಿದ್ದರು. ನಾನು ಇಳಿಯಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಮಹನೀಯರೇ, ಕಾರು ಬಿಸಿಯಾಗಕೂಡದು ಎಂದವನು ನಾನು. ಆ ತಪ್ಪು ನನ್ನದು, ಒಪ್ಪಿದ್ದೇನೆ. ಆದರೆ ವಾಲ್ವ್ ಕಿತ್ತ ಕೈ ನಿಮ್ಮದು, ಅದು ನಿಮಗೆ ಗೊತ್ತಿತ್ತು. ಹಾಗಿದ್ದೂ ಮೂರು ಸಲ ಬಾನೆಟ್ ತೆರೆದು ಮುಚ್ಚಿದ ನಿಮಗೆ, ಆ ಒಂದು ಮಾತು ಹೇಳುವುದಕ್ಕಿಂತ ನನ್ನ ಮೂಗಿಗೆ ವಯಸ್ಸಾಗಿದೆ ಎನ್ನುವುದೇ ಸುಲಭವಾಯಿತೇ?