ಹೊಟ್ಟೆಯೊಳಗಿನ ಸೀಸದ ಗುಂಡು

ಲೋಕಿಕೆರೆಯ ನನ್ನ ಮಾವನವರ ಹತ್ತಿರ ಲೈಸೆನ್ಸ್ ಇದ್ದ ಒಂದು ಹಳೇ ಕೋವಿ ಇತ್ತು. ನಳಿಗೆಯ ಬಾಯಿಂದ ಮದ್ದು ತುಂಬಿ, ಅದರ ಮೇಲೆ ಸೀಸದ ಗುಂಡು ಇಳಿಸಿ ಹೊಡೆಯುವಂಥದ್ದು. ಮೆಕ್ಕೆಜೋಳ ತೆನೆ ಕಟ್ಟುವ ಹೊತ್ತಿಗೆ ಹೊಲಕ್ಕೆ ಕಾಡುಹಂದಿ ನುಗ್ಗುತ್ತಿದ್ದವು. ಅವನ್ನು ಬೆದರಿಸಲು ಅದು. ಗುಂಡುಗಳನ್ನು ಅವರೇ ಮನೆಯಲ್ಲಿ ಎರೆದುಕೊಳ್ಳುತ್ತಿದ್ದರು. ಅದಕ್ಕೊಂದು ಕಬ್ಬಿಣದ ಅಚ್ಚು. ನೋಡಲು ಇಕ್ಕಳದ ಹಾಗೆ, ಎರಡು ಹೋಳು. ಹೋಳುಗಳನ್ನು ಒತ್ತಿ ಹಿಡಿದು ಮೇಲಿನ ತೂತಿನಿಂದ ಕರಗಿದ ಸೀಸ ಹೊಯ್ಯಬೇಕು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾವು ಹರಿಹರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನನ್ನ ಗಂಡ ದಿನಾ ಬಸ್ಸಿನಲ್ಲಿ ದಾವಣಗೆರೆಗೆ ಹೋಗಿ, ಅಲ್ಲಿನ ಕರೂರು ಇಂಡಸ್ಟ್ರಿಯಲ್ ಏರಿಯಾದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದರು. ಮಗಳಿಗೆ ಇನ್ನೂ ಮೂರು ತುಂಬಿರಲಿಲ್ಲ. ಒಂದು ದಿನ ಮಾವ ಆ ಅಚ್ಚನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದರು.

"ಇದು ಕೆಟ್ಟೈತಪ್ಪ. ಗುಂಡು ಸುಕ್ಕು ಸುಕ್ಕು ಬರ್ತಾವೆ. ಪಕ್ಕಕ್ಕೆ ರೆಕ್ಕೆ ಬೇರೆ ಬರ್ತೈತೆ. ಅಂಥಾದ್ದು ನಳಿಗೆ ಒಳಗೆ ಸಿಕ್ಕೊಂಡ್ರೆ ಕೋವಿ ನನ್ನ ಕೈಯಾಗೇ ಒಡೀತೈತೆ," ಎಂದರು ಮಗನಿಗೆ.

ಪಕ್ಕದ ಊರಿನಲ್ಲಿ ಒಬ್ಬರ ಬೆರಳು ಹಾಗೇ ಹೋಗಿದ್ದವಂತೆ. ಅದನ್ನು ಕೇಳಿದ ಮೇಲೆ ನನ್ನ ಗಂಡ ಬೇಡ ಎನ್ನಲಿಲ್ಲ. ಹಳೇ ಪೈಪಿನ ಸೀಸದ ತುಂಡುಗಳನ್ನು ಮಾವನೇ ತಂದಿದ್ದರು. ಅವನ್ನೂ ಅಚ್ಚನ್ನೂ ಬಿಟ್ಟು ಊರಿಗೆ ಹೋದರು.

ಭಾನುವಾರ ಬೆಳಿಗ್ಗೆ ನನ್ನ ಗಂಡ ಹಿತ್ತಲಲ್ಲಿ ಸೀಮೆಎಣ್ಣೆ ಸ್ಟೌ ಹೊತ್ತಿಸಿದರು. ನನಗೆ ಅವತ್ತಿನಿಂದಲೇ ಹೆದರಿಕೆ. ಕರಗಿದ ಸೀಸ ನೋಡಲು ಎಷ್ಟು ಚೆಂದವೆಂದರೆ, ಹಾಲಿನ ಕೆನೆ ಸರಿಸಿದ ಹಾಗೆ ಮೇಲಿನ ಕಿಟ್ಟ ಸರಿಸಿದರೆ ಕೆಳಗೆ ಕನ್ನಡಿ. ಮಗು ಓಡಿ ಬಂದು ಕೈ ಹಾಕಿಬಿಟ್ಟರೆ? ಹಿತ್ತಲ ಬಾಗಿಲಿಗೆ ಅಡ್ಡ ಹಲಗೆ ಇಟ್ಟು, ಒಲೆ ಆರುವ ತನಕ ಒಳಗೆ ಅವಳ ಲಂಗ ಹಿಡಿದು ಕೂತಿದ್ದೆ.

ಮೊದಲ ಸಲ ಎರೆದದ್ದೆಲ್ಲ ಸುಕ್ಕು. ಅಚ್ಚು ತಣ್ಣಗಿದ್ದರೆ ಸೀಸ ತುಂಬುವ ಮೊದಲೇ ಗಟ್ಟಿಯಾಗುತ್ತದೆ ಎಂದು ಅದನ್ನು ಒಲೆಯ ಪಕ್ಕ ಕಾಯಿಸಿದರು. ಸುಕ್ಕು ಕಡಿಮೆಯಾಯಿತು, ರೆಕ್ಕೆ ಉಳಿಯಿತು. ಮುಂದಿನ ವಾರ ಭೂತಗನ್ನಡಿ ಹಿಡಿದು ನೋಡಿದಾಗ ಒಂದು ಹೋಳಿನ ಅಂಚಿಗೆ ಹಳೇ ಸೀಸದ ಚೂರು ಅಂಟಿತ್ತು. ಅದರಿಂದಾಗಿ ಎರಡೂ ಹೋಳು ಸರಿಯಾಗಿ ಕೂಡದೆ, ಆ ಸಂದಿಗೆ ಸೀಸ ನುಗ್ಗಿ ರೆಕ್ಕೆಯಾಗುತ್ತಿತ್ತು. ಬಿದಿರಿನ ಕಡ್ಡಿಯಿಂದ ಕೆರೆದು ತೆಗೆದರು. ಎಣ್ಣೆ ಜಿಡ್ಡು ಹೋಗಲೆಂದು ಸೋಪು ನೀರಲ್ಲಿ ತೊಳೆದು ಒರೆಸಿದರು. ಆದರೆ ಹೋಳುಗಳ ಕೀಲಿನ ಸಂದಿಯಲ್ಲಿ ಒಂದೆರಡು ಹನಿ ನೀರು ಉಳಿದಿತ್ತೇನೋ. ಸೀಸ ಹೊಯ್ದದ್ದೇ ತಡ, ಪಟಾಕಿ ಸಿಡಿದ ಹಾಗೆ ಸದ್ದಾಯಿತು. ನಾನು ಮಗಳನ್ನು ಎತ್ತಿಕೊಂಡು ಕಿರುಚಿದೆ. ಹೊರಗೆ ನೋಡಿದರೆ ಅವರ ಅಂಗಿಯ ಮೇಲೆಲ್ಲ ಸುಟ್ಟ ತೂತು. ಕನ್ನಡಕದ ಗಾಜಿನ ಮೇಲೆ, ಸರಿಯಾಗಿ ಕಣ್ಣಿನ ಎದುರಿಗೆ, ಒಂದು ಸೀಸದ ಹನಿ ಅಂಟಿಕೊಂಡಿತ್ತು.

"ಸಾಕು ಬಿಡ್ರೀ, ನಿಮ್ಗೆ ಕೈ ಮುಗೀತೀನಿ," ಎಂದೆ.

"ಇನ್ನೊಂದೇ ಸಲ. ಎಲ್ಲಿ ತಪ್ಪಾಗೈತೆ ಅಂತ ಗೊತ್ತಾತಲ್ಲ," ಎಂದರು.

ಅದರ ಮುಂದಿನ ಭಾನುವಾರ ಅಚ್ಚನ್ನು ಚೆನ್ನಾಗಿ ಕಾಯಿಸಿ, ಸೀಸ ಅಂಟದಿರಲೆಂದು ಒಳಗೆ ದೀಪದ ಮಸಿ ಹಿಡಿಸಿ ಎರೆದರು. ಹೋಳು ಬಿಡಿಸಿದಾಗ ಒಂದು ಗುಂಡು ಹೊರಬಿತ್ತು. ಸುಕ್ಕಿಲ್ಲ, ರೆಕ್ಕೆಯಿಲ್ಲ. ಹೊಯ್ಯುವ ತೂತಿನಲ್ಲಿ ಗಟ್ಟಿಯಾಗಿ ಉಳಿದ ಚೂಪು ಬಾಲ ಕತ್ತರಿಸಿ, ಅರ ಹಾಕಿ ತಿಕ್ಕಿ, ಬೆಳ್ಳಿಯ ಹಾಗೆ ಹೊಳೆಯುತ್ತಿದ್ದುದನ್ನು ತಟ್ಟೆಯಲ್ಲಿಟ್ಟು ನನ್ನನ್ನು ಕರೆದು ತೋರಿಸಿದರು. ಇನ್ನೂ ಒಂದಷ್ಟು ಎರೆದರು. ಅವೆಲ್ಲ ಬಾಲ ಕತ್ತರಿಸದವು. ಒಲೆ ಆರಿಸಿ, ಸೀಸ ಗಟ್ಟಿಯಾದ ಮೇಲೆ ನಾನೇ ಹಲಗೆ ತೆಗೆದೆ. ಇನ್ನು ಭಯವಿಲ್ಲ ಅಂದುಕೊಂಡೆ.

ಅವರು ಕೈ ತೊಳೆಯುತ್ತಿದ್ದರು. ನಾನು ರೊಟ್ಟಿಗೆ ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಮಗಳು ಬಂದು ನನ್ನ ಎದುರು ನಿಂತು ಹೊಟ್ಟೆ ಮುಟ್ಟಿಕೊಂಡಳು.

"ಅಮ್ಮ, ಪೆಪ್ಪರಮೆಂಟು."

"ಯಾರು ಕೊಟ್ರು?"

"ಅಪ್ಪಂದು."

ಬಾಯಿಗೆ ಬೆರಳು ಹಾಕಿ ನೋಡಿದೆ. ಏನೂ ಇರಲಿಲ್ಲ. ತುಟಿಯ ಮೇಲೆ ಬೂದು ಬಣ್ಣ ಮಾತ್ರ ಇತ್ತು.

ತಟ್ಟೆಯಲ್ಲಿ ಯಾವ ಗುಂಡು ಕಡಿಮೆಯಾಗಿದೆ ಎಂದು ನೋಡಲೂ ನಿಲ್ಲದೆ, ಹಿಟ್ಟಿನ ಕೈಯಲ್ಲೇ ಬಸ್ ಹತ್ತಿದೆವು. ಹರಿಹರದಿಂದ ದಾವಣಗೆರೆ ದೂರವೇನಲ್ಲ, ಆದರೆ ಅವತ್ತು ಆ ರಸ್ತೆ ಮುಗಿಯಲಿಲ್ಲ. ಬಸ್ಸು ಒಂದೊಂದು ಗುಂಡಿಗೆ ಎಗರಿದಾಗಲೂ ಅವಳ ಹೊಟ್ಟೆಯೊಳಗೆ ಅದು ಹೊರಳಿದ ಹಾಗೆ ನನಗೆ ಅನ್ನಿಸುತ್ತಿತ್ತು. ಬಾಲ ಇದ್ದದ್ದನ್ನು ನುಂಗಿದ್ದರೆ ಕರುಳು ಹರಿಯುತ್ತದೆ. ಮಗಳು ಮಾತ್ರ ಕಿಟಕಿಯಲ್ಲಿ ಲಾರಿ ನೋಡಿಕೊಂಡು ನಗುತ್ತಿದ್ದಳು.

ಆಸ್ಪತ್ರೆಯಲ್ಲಿ ನನ್ನ ಗಂಡ ನರ್ಸಿಗೆ ಹೇಳಿದರು: "ಮಗು ಹೊಟ್ಟೇಲಿ ಗುಂಡು ಐತ್ರಿ. ಕೋವಿ ಗುಂಡು."

ನರ್ಸಮ್ಮ ಬಿಳಿಚಿಕೊಂಡರು. "ಯಾರು ಹೊಡೆದಿದ್ದು?"

"ಹೊಡೆದಿಲ್ರಿ, ನುಂಗೈತೆ," ಎನ್ನುವಷ್ಟರಲ್ಲಿ ಅವರು ಓಡಿ ಹೋಗಿ ಡಾಕ್ಟರನ್ನೂ, ಜೊತೆಗೆ ಆಸ್ಪತ್ರೆಯ ಡ್ಯೂಟಿಯಲ್ಲಿದ್ದ ಪೊಲೀಸಿನವರನ್ನೂ ಕರೆತಂದರು. ಡಾಕ್ಟರು ಮಗುವನ್ನು ಎಕ್ಸ್‌ರೇಗೆ ಕರೆದೊಯ್ದರು. ಪೊಲೀಸಿನವರು ಹೊರಗೆ ನನ್ನ ಗಂಡನನ್ನು ಹಿಡಿದುಕೊಂಡರು.

"ಕೋವಿ ಯಾರ ಹೆಸರಲ್ಲೈತೆ? ಊರಾಗಿರೋ ಕೋವಿಗೆ ನೀನ್ಯಾಕಪ್ಪ ಇಲ್ಲಿ ಗುಂಡು ಮಾಡ್ತಿದ್ದೆ?"

ಕೋವಿ ಮಾವನದು ಎಂದು ಹೇಳಿದೆವು. ಅಚ್ಚು ಸರಿಮಾಡುವುದು ತಪ್ಪೋ ಅಲ್ಲವೋ ನಮಗೆ ಗೊತ್ತಿರಲಿಲ್ಲ. ಲೈಸೆನ್ಸ್ ತರಿಸಿ ಎಂದರು. ಲೋಕಿಕೆರೆಯ ಕಿರಾಣಿ ಅಂಗಡಿಗೆ ಫೋನ್ ಮಾಡಿ ಮಾವನಿಗೆ ಸುದ್ದಿ ಮುಟ್ಟಿಸಿದೆವು. ಒಂದು ಕಡೆ ಮಗಳು, ಇನ್ನೊಂದು ಕಡೆ ಗಂಡ. ಯಾರ ಹತ್ತಿರ ನಿಲ್ಲಬೇಕೋ ತಿಳಿಯದೆ ನಾನು ಆ ವರಾಂಡದ ನಡುವೆ ನಿಂತಿದ್ದೆ.

ಎಕ್ಸ್‌ರೇ ಬಂತು. ಕಪ್ಪು ಹಾಳೆಯಲ್ಲಿ ನನ್ನ ಮಗಳ ಪಕ್ಕೆಲುಬು, ಅದರ ಕೆಳಗೆ ಸುಣ್ಣದ ಬೊಟ್ಟಿನ ಹಾಗೆ ಒಂದು ಬಿಳಿ ಚುಕ್ಕೆ. ನನ್ನ ಗಂಡ ಬಗ್ಗಿ ನೋಡಿದರು.

"ದುಂಡಗೈತೆ," ಎಂದರು. "ಬಾಲ ಇಲ್ಲ. ಅದೇ, ಚೆನ್ನಾಗಿ ಬಂದಿದ್ದದ್ದು." ಅಷ್ಟು ಹೇಳಿ ಗೋಡೆ ಕಡೆ ತಿರುಗಿ ಅತ್ತರು. ಅವರು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಡಾಕ್ಟರು ಹೇಳಿದರು: "ಕರುಳು ಹರಿಯೋ ಭಯ ಇಲ್ಲ. ಆದ್ರೆ ಸೀಸ ವಿಷ. ಹೊಟ್ಟೇಲಿ ಕೂತ್ರೆ ಸ್ವಲ್ಪಸ್ವಲ್ಪವಾಗಿ ರಕ್ತಕ್ಕೆ ಸೇರುತ್ತೆ. ಎರಡು ದಿನ ನೋಡೋಣ. ಮುಂದೆ ಸರೀಲಿಲ್ಲ ಅಂದ್ರೆ ಟ್ಯೂಬ್ ಹಾಕಿ ತೆಗೀಬೇಕು."

ಸಂಜೆಗೆ ಮಾವ ಬಂದರು. ಲೈಸೆನ್ಸನ್ನು ಪೊಲೀಸಿನವರ ಕೈಗೆ ಕೊಟ್ಟು, "ತಪ್ಪಿದ್ರೆ ನಂದು ಸ್ವಾಮಿ. ಅಚ್ಚು ತಂದುಕೊಟ್ಟೋನು ನಾನು," ಎಂದರು. ಅವರು ಅದನ್ನು ತಿರುವಿ ತಿರುವಿ ನೋಡಿ, ಬೈದು, ಬಿಟ್ಟರು. ಮಾವ ಒಳಗೆ ಬಂದು ಮೊಮ್ಮಗಳ ಮಂಚದ ಪಕ್ಕ ನೆಲದ ಮೇಲೆ ಕೂತರು. ಮೇಲೆ ಕೂಡ್ರಿ ಎಂದರೂ ಏಳಲಿಲ್ಲ.

ಬಾಳೆಹಣ್ಣು, ಗಂಜಿ ಎಂದು ತಿನ್ನಿಸಿದ್ದೇ ತಿನ್ನಿಸಿದ್ದು. ಅವಳು ಹೊರಕಡೆಗೆ ಕೂತಾಗೆಲ್ಲ ಪೇಪರ್ ಹಾಸಿ, ಕಡ್ಡಿಯಲ್ಲಿ ಕೆದಕಿ ನೋಡುತ್ತಿದ್ದೆ. ಮರುದಿನ ಏನೂ ಇಲ್ಲ. ಮಧ್ಯಾಹ್ನ ಅವಳು ಸುಮ್ಮನೆ ಆಕಳಿಸಿದರೂ ವಿಷ ಏರುತ್ತಿದೆ ಎಂದುಕೊಳ್ಳುತ್ತಿದ್ದೆ. ನಿದ್ದೆ ಹೋದರೆ ಎಬ್ಬಿಸುತ್ತಿದ್ದೆ. ಅವಳು ಸಿಟ್ಟಿನಿಂದ ನನಗೆ ಹೊಡೆಯುತ್ತಿದ್ದಳು. ಹೊಡೆತಕ್ಕೆ ಬಲ ಇದೆಯಲ್ಲ ಎಂದು ಸಮಾಧಾನ ಪಡುತ್ತಿದ್ದೆ.

ಅದರಾಚೆಯ ಬೆಳಿಗ್ಗೆ ಕಡ್ಡಿಗೆ ಗಟ್ಟಿಯಾದದ್ದೊಂದು ತಾಗಿತು. ಹೊಳಪೆಲ್ಲ ಹೋಗಿ ಕಪ್ಪಾಗಿತ್ತು. ಮಾವನನ್ನು ಕೂಗಿದೆ. ಮಾವ ಅದನ್ನು ತೊಳೆದು ಡಾಕ್ಟರಿಗೆ ತೋರಿಸಿದರು. ಇನ್ನೊಂದು ಎಕ್ಸ್‌ರೇ ತೆಗೆದಾಗ ಚುಕ್ಕೆ ಇರಲಿಲ್ಲ. ರಕ್ತವನ್ನು ಬೆಂಗಳೂರಿಗೆ ಕಳಿಸಿ, ರಿಪೋರ್ಟ್ ಬರುವ ತನಕ ಮತ್ತೆ ಅದೇ ಭಯ. ಬಂದ ರಿಪೋರ್ಟನ್ನು ನೋಡಿ ಡಾಕ್ಟರು, "ಹೆದರಬ್ಯಾಡಮ್ಮ, ಚೆನ್ನಾಗಿದ್ದಾಳೆ," ಎಂದರು.

ಮನೆಯಲ್ಲಿ ಸ್ಟೌ, ಪಾತ್ರೆ, ಉಳಿದ ಸೀಸ ಎಲ್ಲವನ್ನೂ ನನ್ನ ಗಂಡ ಹೊತ್ತೊಯ್ದು ಎಲ್ಲೋ ಹಾಕಿ ಬಂದರು. ಮುಂದಿನ ಎಲೆಕ್ಷನ್ನಿಗೆ ಎಲ್ಲರೂ ಕೋವಿಗಳನ್ನು ಠಾಣೆಯಲ್ಲಿ ಇಡಬೇಕಾದಾಗ ಮಾವನೂ ಇಟ್ಟರು. ಆಮೇಲೆ ಬಿಡಿಸಿಕೊಂಡು ಬರಲಿಲ್ಲ. ಹಂದಿಗಳ ಕಥೆ ಏನು ಎಂದು ಕೇಳಿದ್ದಕ್ಕೆ, "ಡಬ್ಬ ಬಡೀತೀನಿ ಬಿಡವ್ವ. ಒಂದಷ್ಟು ಅವೂ ತಿನ್ಲಿ," ಎಂದರು.